ನಬೀ ಸಾಬ್ ಅಳಿಸದೆ ಉಳಿಸಿದ ಫಿಲಂ

ಚಳ್ಳಕೆರೆಯ ನಮ್ಮ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವರು ನಬೀ ಸಾಬ್. ವಯಸ್ಸು ಐವತ್ತೊಂಬತ್ತು. ಮೂವತ್ತೊಂದು ವರ್ಷದಿಂದ ಅದೇ ಕೋಣೆ, ಅದೇ ಕಬ್ಬಿಣದ ಸ್ಟೂಲು. ನಾನು ಆ ಕೋಣೆಯ ಆಯಾ, ಕೆಂಚಕ್ಕ. ನನ್ನ ಯಜಮಾನರು ತೀರಿಕೊಂಡ ವರ್ಷ ಸೇರಿದವಳು, ಇಪ್ಪತ್ತಾರು ವರ್ಷವಾಯಿತು. ನನಗೆ ಅಕ್ಷರ ಬಂದದ್ದೂ ಅಲ್ಲಿಯೇ. ಫಿಲಂ ಲಕೋಟೆಯ ಮೇಲೆ ಹೆಸರು, ವಯಸ್ಸು, ಊರು, ತಾರೀಖು ಬರೆದು ಬರೆದು ಕೈ ಕುದುರಿತು. ಹಾಗಾಗಿ ಇಲ್ಲಿ ಹೆಸರು ತಾರೀಖು ತಪ್ಪಿರುವುದಿಲ್ಲ. ಉಳಿದದ್ದನ್ನು ಓದುವವರು ಸುಧಾರಿಸಿಕೊಳ್ಳಬೇಕು.

ಸಾಬ್ರ ತಂದೆಗೆ ಬಳ್ಳಾರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇತ್ತು. ಸ್ಕೂಲು ಬಿಟ್ಟ ಕೂಡಲೇ ಇವರು ಅಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾ ಕೂರಬೇಕಿತ್ತು. ಆಮೇಲೆ ಎಕ್ಸ್‌ರೇ ಡಿಪ್ಲೊಮಾ ಓದಿ ಇಲ್ಲಿಗೆ ಬಂದರು. "ಆವಾಗ ಟ್ಯೂಬು, ಈವಾಗ ಎದೆ. ಎರಡರಾಗೂ ಗಾಳಿ ನೋಡೋದೇ ನನ್ನ ಹಣೇಲಿ ಬರ್ದಿದ್ದು ಕೆಂಚಕ್ಕ," ಎಂದು ನಗುತ್ತಾರೆ.

ನನಗೆ ಫಿಲಂ ನೋಡುವುದನ್ನು ಕಲಿಸಿದವರೂ ಅವರೇ. ಆಗ ಕತ್ತಲ ಕೋಣೆಯಲ್ಲಿ ಫಿಲಂ ತೊಳೆದು, ಕ್ಲಿಪ್ಪು ಹಾಕಿ, ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ತೂಗುಹಾಕುವುದು ನನ್ನ ಕೆಲಸ. ಗಾಳಿ ಇರುವ ಕಡೆ ಕಪ್ಪು, ಮೂಳೆ ಇರುವ ಕಡೆ ಬಿಳುಪು. ಕಪ್ಪು ಇರಬೇಕಾದ ಕಡೆ ಹಿಂಜಿದ ಹತ್ತಿ ಇಟ್ಟ ಹಾಗೆ ಕಂಡರೆ ನ್ಯುಮೋನಿಯಾ ಇರಬಹುದು. ಕೆಳಗಿನಿಂದ ಬಿಳುಪು ಏರಿ, ಅದರ ಅಂಚು ಬಟ್ಟಲಿನ ಹಾಗೆ ಬಾಗಿದ್ದರೆ ನೀರು ತುಂಬಿರಬಹುದು. ಹೆಗಲ ಮೂಳೆಯ ಹತ್ತಿರ, ಮೇಲಿನ ತುದಿಯಲ್ಲಿ ಮಸುಕು ಕಂಡರೆ ಕಫ ಪರೀಕ್ಷೆಗೆ ಕಳಿಸುತ್ತಾರೆ, ಟಿ.ಬಿ. ಇದೆಯೋ ಇಲ್ಲವೋ ಎಂದು. "ಇರಬಹುದು ಅನ್ನೋದನ್ನ ಮರೀಬ್ಯಾಡ. ಫಿಲಂ ಅನ್ನೋದು ನೆರಳು. ನೆರಳು ನೋಡಿ ಆಳಿನ ಹೆಸರು ಹೇಳೋಕಾಗಲ್ಲ. ಎದೆ ಕೇಳಿ, ಕಫ ನೋಡಿ, ಡಾಕ್ಟ್ರು ಹೇಳ್ಬೇಕು," ಎನ್ನುತ್ತಿದ್ದರು.

ಈ ಮಾತನ್ನು ಅವರು ಕಲಿತದ್ದು ನನ್ನ ತಪ್ಪಿನಿಂದ. ನಾನು ಸೇರಿದ ಮೂರನೇ ವರ್ಷ ಪಾತಮ್ಮ ಎಂಬ ಹೆಂಗಸು ಬಂದಿದ್ದಳು. ಎಣ್ಣೆ ಮಿಲ್ಲಿನಲ್ಲಿ ಬೀಜ ಆರಿಸುವವಳು, ಮೊಣಕಾಲಿನವರೆಗೆ ಕೂದಲು. ಹೆಂಗಸರ ಜಡೆ ಎತ್ತಿ ತಲೆಯ ಮೇಲೆ ಕಟ್ಟುವುದು ನನ್ನ ಕೆಲಸ. ಆ ದಿನ ಮರೆತೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲೆ ಬಿದ್ದಿತ್ತು. ಫಿಲಂನಲ್ಲಿ ಮೇಲಿನ ತುದಿಗೆ ಸರಿಯಾಗಿ ಮಸುಕು ಕಂಡಿತು. ಕಫದಲ್ಲಿ ಏನೂ ಸಿಗದಿದ್ದರೂ ಟಿ.ಬಿ. ಮಾತ್ರೆ ಶುರುವಾಯಿತು. ಸಾಬ್ರಿಗೆ ಮಾರನೇ ದಿನವೇ ಅನುಮಾನ ಬಂದಿತ್ತಂತೆ, ಆ ಮಸುಕು ಕತ್ತಿನವರೆಗೂ ಹೋಗಿದೆಯಲ್ಲ ಎಂದು. ಆದರೆ ಗುಂಡಿ ಒತ್ತುವವನಿಗೆ ಯಾಕೆ ಎಂದು ಬಾಯಿ ಮುಚ್ಚಿಕೊಂಡರು. ಹದಿನೆಂಟನೇ ದಿನಕ್ಕೆ ಆ ಮಾತ್ರೆಯಿಂದ ಕಾಮಾಲೆಯಾಗಿ ಪಾತಮ್ಮನ ಕಣ್ಣು ಹಳದಿಯಾಯಿತು. ಆಗ ಹೋಗಿ ದೊಡ್ಡ ಡಾಕ್ಟ್ರು ಶಾಂತವೀರಪ್ಪನವರ ಮುಂದೆ ಹೇಳಿದರು. ಜಡೆ ಎತ್ತಿ ಕಟ್ಟಿ ಇನ್ನೊಂದು ತೆಗೆದರೆ ಎದೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮಾತ್ರೆ ನಿಂತಿತು, ಪಾತಮ್ಮ ಹುಷಾರಾದಳು. ದೊಡ್ಡ ಡಾಕ್ಟ್ರು ಬೈಯಲಿಲ್ಲ. "ಹದಿನೆಂಟು ದಿನ ಮುಂಚೆ ಬರಬಾರದಿತ್ತಾ ಸಾಬ್ರೆ?" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಾಬ್ರು ಇಂದಿಗೂ ಹೇಳುತ್ತಾರೆ.

ಅಂದಿನಿಂದ ಅವರು ಕೆಟ್ಟ ಫಿಲಂ ಎಸೆಯುವುದನ್ನು ಬಿಟ್ಟರು. ಅಲುಗಾಡಿದ್ದು, ಓರೆಯಾದದ್ದು, ಜಡೆ ಬಿದ್ದದ್ದು, ಎಲ್ಲ ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆಗೆ. ಎಂಟು ವರ್ಷದ ಹಿಂದೆ ಕಂಪ್ಯೂಟರ್ ಬಂದು ಕತ್ತಲ ಕೋಣೆ ಹೋಯಿತು. ಈಗ ಕೆಟ್ಟ ಚಿತ್ರ ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ. ಸಾಬ್ರು ಅದನ್ನು ಮಾತ್ರ ಒತ್ತುವುದಿಲ್ಲ.

ಹೋದ ವರ್ಷ ಡಿಸೆಂಬರ್ ಎಂಟನೇ ತಾರೀಖು, ಸೋಮವಾರ. ಮೊಳಕಾಲ್ಮುರು ತಾಲ್ಲೂಕು, ಬಿ.ಜಿ. ಕೆರೆ ಪಕ್ಕದ ಹಟ್ಟಿಯಿಂದ ಜುಂಜಪ್ಪ ಎಂಬ ಕುರಿ ಕಾಯುವವರು ಬಂದರು. ಅರವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಕಂಬಳಿ, ಸೊಂಟದ ಮೇಲೆ ಮೊಮ್ಮಗಳು. ಮಗುವಿನ ಹೆಸರು ಸ್ವಪ್ನ, ಎರಡು ವರ್ಷ ಎರಡು ತಿಂಗಳು. ಹಿಂದೆ ಸೊಸೆ ಗಂಗಲಕ್ಷ್ಮಿ, ನಾಲ್ಕು ತಿಂಗಳ ಬಸುರಿ. ಮಗುವಿಗೆ ಇಪ್ಪತ್ತನಾಲ್ಕು ದಿನದಿಂದ ಕೆಮ್ಮು. ಊರ ಕಡೆ ಎರಡು ಸಲ ಔಷಧಿ ಕುಡಿಸಿದ್ದರು. ಉಸಿರಾಡಿದರೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು.

ದೊಡ್ಡ ಡಾಕ್ಟ್ರಿಗೆ ವಯಸ್ಸಾಗಿ, ಅವರ ಜಾಗಕ್ಕೆ ಓಬಳೇಶ್ ಎಂಬ ಡಾಕ್ಟ್ರು ಬಂದು ಮೂರು ತಿಂಗಳಾಗಿತ್ತು. ಚಿಕ್ಕ ವಯಸ್ಸು, ಚುರುಕು ಕೈ. ಆ ದಿನ ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಮಗುವಿನ ಎದೆ ಕೇಳಿ, "ಏನಾದ್ರೂ ನುಂಗೈತಾ? ನಾಣ್ಯ, ಗುಂಡಿ, ಮಣಿ?" ಎಂದು ಕೇಳಿದರು.

"ಇಲ್ಲ ಸಾ, ಅಂಥದ್ದೇನೂ ಇಲ್ಲ," ಎಂದಳು ಗಂಗಲಕ್ಷ್ಮಿ.

"ನಮ್ಮನ್ಯಾಗೆ ನುಂಗೋಕೆ ನಾಣ್ಯ ಎಲ್ಲದಾವೆ ಸಾ? ಇದ್ದಿದ್ರೆ ನಾನೇ ನುಂಗ್ತಿದ್ದೆ," ಎಂದರು ಜುಂಜಪ್ಪ. "ಬಿರ್ರನೆ ನೋಡಿ ಕಳಿಸ್ರಿ. ಒಂದೂವರೆ ಬಸ್ಸಿಗೆ ಹೋಗ್ಬೇಕು. ನಾಳೆ ಹೊತ್ತಾರೆ ಕುರಿ ಹೊಡ್ಕಂಡು ಹಿರಿಯೂರ ಕಡೆ ಹೊಂಟೀವಿ, ಮನೆಮಂದಿಯೆಲ್ಲಾ. ಮತ್ತೆ ಬರೋದು ಯುಗಾದಿಗೇ."

ಡಾಕ್ಟ್ರು ಎಕ್ಸ್‌ರೇಗೆ ಬರೆದರು. ಗಂಗಲಕ್ಷ್ಮಿ ಬಸುರಿಯಾದ್ದರಿಂದ ಅವಳನ್ನು ಹೊರಗೆ ಕೂರಿಸಿ, ಮಗುವನ್ನು ಹಿಡಿಯಲು ಜುಂಜಪ್ಪನವರಿಗೇ ಸೀಸದ ಏಪ್ರನ್ ಹಾಕಿದೆ.

"ಇದೇನಕ್ಕಾ, ಟಗರು ಹೊತ್ತಂಗಾತಲ್ಲ!"

"ಟಗರಾದ್ರೆ ಒದೀತದೆ, ಇದು ಒದೆಯಲ್ಲ. ನೆಟ್ಟಗೆ ನಿಲ್ಲಣ್ಣ," ಎಂದೆ. ಮಗುವಿನ ಕೊರಳಲ್ಲಿ ದೇವರ ದಾರ ಇತ್ತು, ಅದರಲ್ಲಿ ತಾಮ್ರದ ತಾಯಿತ. ಬಿಚ್ಚಲು ಅವರು ಒಪ್ಪಲಿಲ್ಲ.

"ಬಿಚ್ಚೋದು ಬ್ಯಾಡ ಬಿಡಿ, ಕೊರಳಿಂದ ಇಳಿಸಿ ಕಾಲಿಗೆ ಸುತ್ರಿ. ದೇವ್ರು ಕಾಲತ್ರ ಕೂತ್ರೂ ಕಾಯ್ತಾನೆ," ಎಂದರು ಸಾಬ್ರು. ಅದಕ್ಕೆ ಜುಂಜಪ್ಪ ಒಪ್ಪಿದರು.

ದೊಡ್ಡವರಿಗಾದರೆ "ಉಸಿರು ಎಳ್ಕಾ, ಹಿಡ್ಕಾ" ಎಂದು ಹೇಳಿ ಒತ್ತುತ್ತಾರೆ. ಎದೆ ತುಂಬ ಗಾಳಿ ಇದ್ದಾಗ ಚಿತ್ರ ಚೆನ್ನಾಗಿ ಬರುತ್ತದೆ. ಮಗುವಿಗೆ ಹೇಳಲಾಗುವುದಿಲ್ಲ. ಸಾಬ್ರು ಗಾಜಿನ ಆಚೆಯಿಂದ ಹೊಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅಳುವ ಮಗು ನಡುವೆ ಒಮ್ಮೆ ಉಸಿರು ಎಳೆದುಕೊಳ್ಳುತ್ತದಲ್ಲ, ಹೊಟ್ಟೆ ಉಬ್ಬಿದ ಆ ಗಳಿಗೆಗೆ ಬೆರಳು ಒತ್ತುತ್ತಾರೆ. ತಪ್ಪುವುದು ನೂರಕ್ಕೆ ಎರಡೋ ಮೂರೋ.

ಆ ದಿನ ತಪ್ಪಿತು. ಸ್ವಪ್ನ ಕಿರುಚಿ ಅಳುತ್ತಿದ್ದಳು. ಸುಮ್ಮನಾಗಿಸಲು ಜುಂಜಪ್ಪ ಇದ್ದಕ್ಕಿದ್ದ ಹಾಗೆ ಕುರಿ ಕರೆಯುವ ಕೂಗು ಹಾಕಿದರು: "ಹುರ್ರ್‌ರ್... ಹೋ..." ಕೋಣೆಯ ಗೋಡೆ ನಡುಗಿತು. ಮಗು ಅಳು ನಿಲ್ಲಿಸಿ, ತಾತನ ಜೊತೆಗೇ "ಹೋ..." ಎಂದು ಉಸಿರು ಮುಗಿಯುವವರೆಗೂ ಎಳೆಯಿತು. ಸರಿಯಾಗಿ ಆ ಗಳಿಗೆಗೇ ಸಾಬ್ರ ಬೆರಳು ಒತ್ತಿಬಿಟ್ಟಿತು.

"ಅರೆ ಜುಂಜಪ್ಪಾ, ಇಲ್ಲೆಲ್ಲಿ ಕುರಿ ಕಂಡೆ ನೀನು?"

"ನೀನೇ ಕಂಡೆ ಸಾಬೂ, ಗಾಜಿನಾಗೆ. ಗಡ್ಡ ಬಿಟ್ಕಂಡು."

ಸಾಬ್ರೂ ನಕ್ಕರು. ಎರಡನೇ ಸಲ ಸರಿಯಾಗಿ ಬಂತು. ಅದನ್ನು ಡಾಕ್ಟ್ರ ಕಂಪ್ಯೂಟರಿಗೆ ಕಳಿಸಿದರು. ಡಾಕ್ಟ್ರು ನೋಡಿ, "ನ್ಯುಮೋನಿಯಾ ಏನೂ ಇಲ್ಲ. ಅಲರ್ಜಿ ಉಬ್ಬಸ ಇದು," ಎಂದು ಔಷಧಿ ಬರೆದು ಕೊಟ್ಟರು. ಗಡಿಯಾರ ಹನ್ನೆರಡೂ ನಲವತ್ತು. ತಾತ ಔಷಧಿ ಸಾಲಿಗೆ ಹೋದರು, ಸೊಸೆ ಮಗು ಬೆಂಚಿನ ಮೇಲೆ ಕೂತರು.

ನಾನು ಏಪ್ರನ್ ತೂಗುಹಾಕಿ ಬರುವಾಗ ಸಾಬ್ರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಯಾಕ್ರೀ?"

"ಈ ಕೆಟ್ಟದ್ದನ್ನ ನೋಡು ಕೆಂಚಕ್ಕ. ಉಸಿರೆಲ್ಲ ಹೊರಕ್ಕೆ ಹೋದಾಗ ಬಿದ್ದೈತೆ. ಎರಡು ಕಡೇನೂ ಕುಗ್ಗಿ ಬೆಳ್ಳಗಾಗಿರಬೇಕು. ಆಗೈತಾ?"

ನೋಡಿದೆ. ಚಿತ್ರದಲ್ಲಿ ನಮ್ಮ ಬಲಕ್ಕೆ ಕಾಣುವುದು ಮಗುವಿನ ಎಡ. ಅದು ಕುಗ್ಗಿ ಬೆಳ್ಳಗಾಗಿತ್ತು. ನಮ್ಮ ಎಡಕ್ಕೆ ಕಾಣುವ ಮಗುವಿನ ಬಲ ಮಾತ್ರ ಉಬ್ಬಿಕೊಂಡೇ ಇತ್ತು, ಕಪ್ಪಗೆ. ನಡುವಿನ ಗುಂಡಿಗೆಯ ನೆರಳು ಮಗುವಿನ ಎಡಕ್ಕೆ ತಳ್ಳಿಸಿಕೊಂಡಿತ್ತು. ಚೆನ್ನಾಗಿ ಬಂದ ಚಿತ್ರದಲ್ಲಿ ಇದ್ಯಾವುದೂ ಇರಲಿಲ್ಲ.

"ಗಾಳಿ ಒಳಕ್ಕೆ ಹೋಗ್ತೈತೆ, ಹೊರಕ್ಕೆ ಬರ್ತಿಲ್ಲ," ಎಂದರು ಸಾಬ್ರು. "ಟ್ಯೂಬಿನ ವಾಲ್ವ್ ಹಂಗೆ. ಒಳಗೆ ಏನೋ ಅಡ್ಡ ಕೂತೈತೆ. ಇದು ಔಷಧಿಗೆ ಹೋಗೋ ಉಬ್ಬಸ ಅಲ್ಲ."

"ನಾಣ್ಯ ಗೀಣ್ಯ ಇದ್ರೆ ಕಾಣ್ತಿತ್ತಲ್ರೀ?"

"ಕಾಣ್ತಿತ್ತು. ಕಾಣದೇ ಇರೋದು ಏನೋ ಐತೆ. ನೀನು ಹೋಗು, ಅವರನ್ನ ಬಸ್ಸಿಗೆ ಬಿಡಬ್ಯಾಡ."

ಅವರು ಎದ್ದು ನಿಂತರು, ಆದರೆ ಬಾಗಿಲಲ್ಲಿ ಒಂದು ಗಳಿಗೆ ತಡೆದರು. ಕಾರಣ ನನಗೆ ಗೊತ್ತಿತ್ತು. ಹೊಸ ಡಾಕ್ಟ್ರು ಬಂದ ಮೊದಲ ವಾರವೇ, ಸಾಬ್ರು ಏನೋ ಹೇಳಲು ಹೋದಾಗ, "ನೀವು ಫಿಲಂ ಕೊಡಿ ಸಾಬ್ರೆ, ಕಾಯಿಲೆ ನಾನು ಹೇಳ್ತೀನಿ," ಎಂದಿದ್ದರು. ಆಮೇಲೆ ಇವರು ಅವರ ಕೋಣೆಗೆ ಹೋಗಿರಲಿಲ್ಲ.

"ಹದಿನೆಂಟು ದಿನ," ಎಂದೆ ನಾನು.

"ಗೊತ್ತು ಮಾರಾಯ್ತಿ," ಎಂದು ನಡೆದರು.

ಬೆಂಚಿನ ಹತ್ತಿರ ಹೋದರೆ ಗಂಗಲಕ್ಷ್ಮಿ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಅದರಲ್ಲಿ ಹುರಿದ ಶೇಂಗಾ. ಒಂದು ಸುಲಿದು, ಹಲ್ಲಿನಲ್ಲಿ ಎರಡು ಹೋಳು ಮಾಡಿ, ಒಂದನ್ನು ತಾನು ತಿಂದು, ಇನ್ನೊಂದನ್ನು ಅಳುವ ಮಗುವಿನ ಕೈಗೆ ಕೊಟ್ಟಳು. ಮಗು ಬಾಯಿಗೆ ಒಯ್ಯುವುದರೊಳಗೆ ನಾನು ಕಿತ್ತುಕೊಂಡೆ. ಮಗು ಇನ್ನಷ್ಟು ಅತ್ತಿತು.

"ಅಯ್ಯೋ, ಯಾಕವ್ವಾ?"

"ದಿನಾ ಕೊಡ್ತೀಯಾ ಇದನ್ನ?"

"ಕೊಡೋದೇನು ಬಂತವ್ವ, ಶೇಂಗಾ ಅಲ್ವಾ? ಹೊಲದಾಗೆ ಬಿದ್ದಿರ್ತದೆ, ಮನೇಲಿ ಬಿದ್ದಿರ್ತದೆ, ಆಡ್ತಾ ಆಡ್ತಾ ತಿಂತಾಳೆ."

"ಡಾಕ್ಟ್ರು ಕೇಳಿದ್ರಲ್ಲ, ಏನಾದ್ರೂ ನುಂಗೈತಾ ಅಂತ?"

"ಅವರು ನಾಣ್ಯ, ಗುಂಡಿ ಅಂದ್ರು. ಶೇಂಗಾ ಕೇಳಲಿಲ್ಲ."

ಅವಳದು ತಪ್ಪು ಎನ್ನಲಾಗಲಿಲ್ಲ. ನಮ್ಮ ಸೀಮೆಯಲ್ಲಿ ಶೇಂಗಾವನ್ನು ಯಾರೂ ತಿಂಡಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಮನೆಗೆ ನೆಂಟರು ಬಂದರೆ ಮಾತಿಗೆ ಮೊದಲು ಒಂದು ಹಿಡಿ ಮುಂದೆ ಸುರಿಯುತ್ತೇವೆ. ನಾನೂ ನನ್ನ ಮಕ್ಕಳಿಗೆ ಹಲ್ಲು ಬರುವ ಮೊದಲೇ ಕೊಟ್ಟವಳು.

"ಕೆಮ್ಮು ಶುರುವಾದ ದಿನ ಏನು ಮಾಡ್ತಿದ್ರಿ? ನೆನಪು ಮಾಡ್ಕ," ಎಂದೆ.

ಅವಳು ಬೆರಳು ಮಡಿಸಿ ದಿನ ಎಣಿಸಿದಳು. "ಕಿತ್ತ ಹೊಲದಾಗೆ ಉದುರು ಶೇಂಗಾ ಆಯ್ತಿದ್ವಿ. ಇವಳು ಕಂಬಳಿ ಮ್ಯಾಲೆ ಕುಂತು ತಿಂತಾ, ನಾಯಿಮರಿ ನೋಡಿ ನಗ್ತಿದ್ಲು. ನಗ್ತಾ ನಗ್ತಾ ಕೆಮ್ಮು ಬಂತು. ಮುಖ ನೀಲಿ ಆತು. ಬೆನ್ನು ತಟ್ಟಿದ್ವಿ, ಸರಿಹೋತು. ಗಂಟ್ಲಿಗೆ ಹತ್ಕಂಡಿದ್ದು ಇಳೀತು ಅಂದ್ಕಂಡ್ವಿ..." ಎನ್ನುತ್ತಲೇ ಅವಳ ಮುಖ ಬದಲಾಯಿತು. "ಇಳಿದಿಲ್ವಾ ಅವ್ವಾ?"

ಆ ಅರ್ಧ ಬೀಜವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಡಾಕ್ಟ್ರ ಕೋಣೆಗೆ ಹೋದೆ. ಸಾಬ್ರು ಮೇಜಿನ ಮುಂದೆ ನಿಂತಿದ್ದರು. ಡಾಕ್ಟ್ರು ಗಡಸಾಗಿ, "ಕೆಟ್ಟಿರೋ ಫಿಲಂ ಅಂತ ನೀವೇ ಹೇಳ್ತೀರಿ, ಅದನ್ನ ನೋಡಿ ಅಂತಾನೂ ಹೇಳ್ತೀರಿ," ಎನ್ನುತ್ತಿದ್ದರು.

"ಕೆಟ್ಟಿರೋದಕ್ಕೇ ಕಂಡೈತೆ ಸರ್. ಕಾಯಿಲೆ ಹೆಸರು ನಾನು ಹೇಳಲ್ಲ. ಒಂದು ಸಲ ನೋಡಿಬಿಡ್ರಿ. ಆಮೇಲೆ ಬೈರಿ."

ನಾನು ಬೀಜವನ್ನು ಮೇಜಿನ ಮೇಲಿಟ್ಟು, ಗಂಗಲಕ್ಷ್ಮಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಡಾಕ್ಟ್ರು ಬೀಜ ನೋಡಿದರು. ಆಮೇಲೆ ಸಾಬ್ರು ಕಳಿಸಿದ್ದ ಆ ಕೆಟ್ಟ ಚಿತ್ರ ತೆರೆದರು. ಪೆನ್ನು ಕೆಳಗಿಟ್ಟರು.

"ಮಗೂನ ಕರ್ಕೊಂಡು ಬಾ ಕೆಂಚಕ್ಕ," ಎಂದರು. ಮತ್ತೆ ಎದೆ ಕೇಳಿದರು, ಈ ಸಲ ಒಂದು ಬದಿ ಕೇಳಿ ಇನ್ನೊಂದು ಬದಿ, ಮತ್ತೆ ಮೊದಲ ಬದಿ. "ಬಲಗಡೆ ಉಸಿರಿನ ಸದ್ದು ಕಮ್ಮಿ ಐತೆ. ಸಾಬ್ರೆ, ಉಸಿರು ಬಿಟ್ಟಾಗಲೇ ಇನ್ನೊಂದು ತೆಗೀಬೇಕು. ಆಗುತ್ತಾ?"

ಸಾಬ್ರು ಔಷಧಿ ಸಾಲಿನಲ್ಲಿದ್ದ ಜುಂಜಪ್ಪನವರ ಕೈ ಹಿಡಿದು ಎಳೆದುಕೊಂಡು ಬಂದರು. "ಬಾರಪ್ಪಾ, ಕುರಿ ಕರಿ."

"ಆಗಲೇ ಕರೆದಿದ್ದಕ್ಕೆ ಬೈದೆ, ಈಗ ನೀನೇ ಕರಿ ಅಂತೀಯಾ? ನಿಮ್ ಆಸ್ಪತ್ರೆ ಏನಾಗೈತೋ?"

ಆದರೂ ಕರೆದರು. "ಹುರ್ರ್‌ರ್... ಹೋ..." ಸ್ವಪ್ನ ತಾತನ ಬಾಯಿ ನೋಡುತ್ತಾ "ಹೋ..." ಎಂದು ಎಳೆದಳು. ಮೂವತ್ತೊಂದು ವರ್ಷ ಹೊಟ್ಟೆ ಉಬ್ಬುವುದಕ್ಕೆ ಕಾದ ಬೆರಳು ಈಗ ಹೊಟ್ಟೆ ಬೆನ್ನಿಗೆ ಹತ್ತುವುದಕ್ಕೆ ಕಾಯಿತು. ಚಿತ್ರ ಬಂತು. ಎಡ ಬಿಳುಪು, ಬಲ ಕಪ್ಪು. ಮೊದಲಿನದಕ್ಕಿಂತ ಸ್ಪಷ್ಟ.

ಡಾಕ್ಟ್ರು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿ ಮಗುವಿಗೆ ಮತ್ತು ಬರಿಸಿ, ದೀಪ ಇರುವ ಸಣ್ಣ ನಳಿಕೆ ಇಳಿಸಿ, ಬೀಜ ತೆಗೆಯುತ್ತಾರೆ. ಆಂಬುಲೆನ್ಸಿಗೂ ಹೇಳಿದರು. ಆಗ ಜುಂಜಪ್ಪ ಅಡ್ಡ ನಿಂತರು.

"ಏ, ತಡೀರಿ. ನಾಳೆ ಮಂದೆ ಹೊರಡ್ತದೆ. ಶೇಂಗಾ ಐತೆ ಐತೆ ಅಂತೀರಲ್ಲ, ಎಲ್ಲೈತೆ ತೋರಿಸ್ರಿ. ನಂಗೂ ಕಣ್ಣೈತೆ."

"ಫಿಲಂನಾಗೆ ಕಾಣಲ್ಲ," ಎಂದರು ಸಾಬ್ರು.

"ಕಾಣದೇ ಇರೋದಕ್ಕೆ ಕೂಸಿನ ಗಂಟ್ಲಾಗೆ ನಳಿಗೆ ಇಳಿಸ್ತೀರಾ? ಒಲ್ಲೆ. ಬಾರವ್ವ ಗಂಗೀ, ಬಸ್ಸು ಹೋಗ್ತೈತೆ."

ಗಡಿಯಾರ ಒಂದೂ ಹತ್ತು. ಡಾಕ್ಟ್ರು ಹೇಳುವಷ್ಟು ಹೇಳಿದರು: ಅದು ಔಷಧಿಗೆ ಕರಗುವುದಿಲ್ಲ, ಒಳಗೇ ಕೊಳೆತರೆ ಆ ಕಡೆಯ ಶ್ವಾಸಕೋಶ ಕೆಡುತ್ತದೆ, ಕೆಮ್ಮಿನಲ್ಲಿ ಜರುಗಿ ಅಡ್ಡಬಿದ್ದರೆ ದಾರಿಯಲ್ಲೇ ಉಸಿರು ಕಟ್ಟಬಹುದು. ಜುಂಜಪ್ಪ ನೆಲ ನೋಡುತ್ತಾ ಒಲ್ಲೆ ಎಂದು ತಲೆ ಆಡಿಸಿದರು. ಗಂಗಲಕ್ಷ್ಮಿ ಮಗುವನ್ನು ಅವಚಿಕೊಂಡು ಮಾವನ ಮುಖ ನೋಡುತ್ತಿದ್ದಳು.

ಸಾಬ್ರು ವಾದ ಮಾಡಲಿಲ್ಲ. ಮಗುವಿನ ಮೈಯ ಬದಲಿಗೆ ಒಂದು ಸಲೈನ್ ಚೀಲ ತಂದು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿದರು. ಅದರ ಮೇಲೆ ಒಂದು ಕಡೆ ತಮ್ಮ ಜೇಬಿನ ಎರಡು ರೂಪಾಯಿ ನಾಣ್ಯ, ಇನ್ನೊಂದು ಕಡೆ ಆ ಅರ್ಧ ಶೇಂಗಾ ಇಟ್ಟರು. "ನೀನೇ ನೋಡಿದ್ಯಲ್ಲ, ಎರಡೂ ಇಟ್ಟೀನಿ ತಾನೆ?"

"ಹೂಂ, ಇಟ್ಟೀಯ."

ಎಲ್ಲರನ್ನೂ ಹೊರಗೆ ಕಳಿಸಿ ಗುಂಡಿ ಒತ್ತಿದರು. ಪರದೆಯ ಮೇಲೆ ಚಿತ್ರ ಬಂತು. ನಾಣ್ಯ ಹುಣ್ಣಿಮೆ ಚಂದ್ರನ ಹಾಗೆ ಬೆಳ್ಳಗೆ ಕೂತಿತ್ತು. ಶೇಂಗಾ ಇಟ್ಟ ಜಾಗದಲ್ಲಿ ಏನೂ ಇರಲಿಲ್ಲ. ಜುಂಜಪ್ಪ ಪರದೆಯ ಹತ್ತಿರ ಮೂಗು ತಂದು ನೋಡಿದರು. ಆಮೇಲೆ ಒಳಗೆ ಹೋಗಿ ಸಲೈನ್ ಚೀಲವನ್ನು ನೋಡಿದರು. ಬೀಜ ಅಲ್ಲೇ ಇತ್ತು. ಬೆರಳಲ್ಲಿ ಮುಟ್ಟಿ ನೋಡಿದರು.

"ಐತೆ, ಕಾಣ್ವಲ್ದು," ಎಂದರು ಮೆಲ್ಲಗೆ.

"ಹಂಗೇ ಕಣಪ್ಪ, ಕೂಸಿನ ಎದೆಯಾಗೂ."

ಜುಂಜಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮಂದೆ ನನ್ನ ತಮ್ಮ ಹೊಡ್ಕಂಡು ಹೋಗ್ಲಿ. ಎಲ್ಲೈತ್ರಿ ಆ ಗಾಡಿ?"

ಆಂಬುಲೆನ್ಸ್ ಒಂದೂ ಇಪ್ಪತ್ತೈದಕ್ಕೆ ಹೊರಟಿತು. ಗಂಗಲಕ್ಷ್ಮಿಯ ಸೆರಗಿನ ಗಂಟು ಬಿಚ್ಚಿ ಶೇಂಗಾವನ್ನೆಲ್ಲ ನಾನೇ ಇಟ್ಟುಕೊಂಡಿದ್ದೆ. ಸಾಬ್ರು ಬಾಗಿಲಲ್ಲಿ ನಿಂತು ರಸ್ತೆ ತಿರುಗುವವರೆಗೂ ನೋಡಿದರು. ಆಮೇಲೆ ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು, ಮುಚ್ಚಿದರು. "ಬೀಜ ಸಿಗದಿದ್ರೆ?" ಎಂದರು. ಆ ಮಧ್ಯಾಹ್ನ ಹನ್ನೊಂದು ಎದೆಯ ಚಿತ್ರ ತೆಗೆದೆವು. ಒಂದೊಂದಕ್ಕೂ ಅವರು ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು.

ಐದೂ ಮುಕ್ಕಾಲಿಗೆ ಓಬಳೇಶ್ ಡಾಕ್ಟ್ರೇ ನಮ್ಮ ಕೋಣೆಗೆ ಬಂದರು. ಬಂದ ಮೂರು ತಿಂಗಳಲ್ಲಿ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಅರ್ಧ ಶೇಂಗಾ, ನೀರು ಕುಡಿದು ಉಬ್ಬಿ ಕಂದಾಗಿತ್ತು.

"ಬಲಗಡೆ ಕೊಳವೆಯಲ್ಲೇ ಇತ್ತಂತೆ. ಮಗು ಚೆನ್ನಾಗೈತೆ," ಎಂದರು. ಸಾಬ್ರು ಸ್ಟೂಲಿನ ಮೇಲೆ ಕೂತರು. ಡಾಕ್ಟ್ರು ನಿಂತೇ ಇದ್ದರು. "ಸಾಬ್ರೆ, ನಿಮ್ಮ ಆ ತಗಡಿನ ಪೆಟ್ಟಿಗೆ ಐತಂತಲ್ಲ, ಕೆಟ್ಟ ಫಿಲಂಗಳದ್ದು. ದೊಡ್ಡ ಡಾಕ್ಟ್ರು ಹೇಳಿದ್ರು. ಅದನ್ನ ನಂಗೆ ತೋರಿಸ್ತೀರಾ?"

ಅಂದು ಇಬ್ಬರೂ ಪೆಟ್ಟಿಗೆ ತೆಗೆದು, ಒಂದೊಂದೇ ಫಿಲಂ ಬೆಳಕಿಗೆ ಹಿಡಿದು ನೋಡಿದರು. ಪಾತಮ್ಮನ ಜಡೆ ಬಂದಾಗ ಸಾಬ್ರು ಅದನ್ನೂ ಮುಚ್ಚಿಡದೆ ಹೇಳಿದರು.

ಈಗ ನಮ್ಮಲ್ಲಿ ಮಗುವಿನ ಚೀಟಿಯ ಮೇಲೆ ಒಂದು ಸಾಲು ಹೆಚ್ಚಾಗಿದೆ. ಚೀಟಿ ಬರೆಯುವುದು ನಾನೇ. ಹೆಸರು, ವಯಸ್ಸು, ಊರು, ತಾರೀಖು, ಆಮೇಲೆ: ಶೇಂಗಾ ತಿಂದು ಕೆಮ್ಮಿತ್ತೇ? ಐದು ವರ್ಷ ತುಂಬುವವರೆಗೆ ಇಡೀ ಬೀಜ ಕೊಡಬೇಡಿ, ಕೊಡುವುದಾದರೆ ಪುಡಿ ಮಾಡಿ ಕೊಡಿ ಎಂದು ಬಾಯಲ್ಲೂ ಹೇಳಿ ಕಳಿಸುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಡಿಸೆಂಬರ್ ಇಪ್ಪತ್ತೆರಡು, ಸೋಮವಾರ, ಜುಂಜಪ್ಪ ಮಗುವನ್ನು ಮತ್ತೆ ತೋರಿಸಲು ತಂದರು. ಎದೆಯಲ್ಲಿ ಬೆಕ್ಕಿನ ಸದ್ದು ಇರಲಿಲ್ಲ. ಮಂದೆ ಹಿರಿಯೂರು ದಾಟಿತ್ತಂತೆ. ನಾಳೆ ಬಸ್ಸಿಗೆ ಹೋಗಿ ಕೂಡಿಕೊಳ್ಳುತ್ತೇವೆ ಎಂದರು. ನಾನು ಅವರಿಗೆ ಏಪ್ರನ್ ಹಾಕಿದೆ, ನಾವು ಹೇಳುವ ಮೊದಲೇ ಅವರೇ ಮಗುವಿನ ತಾಯಿತವನ್ನು ಕಾಲಿಗೆ ಸುತ್ತಿದರು. ಸಾಬ್ರು ಗಾಜಿನ ಆಚೆ ನಿಂತು, "ಜುಂಜಪ್ಪಾ, ರೆಡೀನಾ? ಕರಿ," ಎಂದರು.

ಜುಂಜಪ್ಪ ಬಾಯಿ ತೆರೆಯುವುದಕ್ಕೆ ಮುಂಚೆಯೇ ಸ್ವಪ್ನ ಗಾಜಿನಲ್ಲಿ ಸಾಬ್ರ ಗಡ್ಡ ನೋಡಿ, ಕೈ ಎತ್ತಿ ಕರೆದಳು: "ಹುರ್ರ್‌ರ್... ಹೋ..."

ಸಾಬ್ರು ಒತ್ತಿದರು. ಎರಡೂ ಕಡೆ ಒಂದೇ ಸಮ ಬೆಳ್ಳಗೆ ಕುಗ್ಗಿತ್ತು.